ಮೊದಲ ಸಲ ಇಂಕಲ್ಲಿ, ಕೊನೆಯ ಸಲ ನೀಲಿ ಪೆನ್ಸಿಲಲ್ಲಿ

ನನ್ನ ಹತ್ತಿರ ಒಂದು ಸ್ಕೆಚ್ ಬುಕ್ ಇದೆ, ಅದರಲ್ಲಿ ಒಂದೂ ಚಿತ್ರ ಇಲ್ಲ. ಎಡಪುಟಕ್ಕೆ ‘ಮೊದಲ ಸಲ’ ಅಂತಲೂ ಬಲಪುಟಕ್ಕೆ ‘ಕೊನೆಯ ಸಲ’ ಅಂತಲೂ ತಲೆಬರಹ ಕೊಟ್ಟು, ನೆನಪಾದಾಗ ಒಂದೊಂದು ಸಾಲು ಗೀಚಿಡುತ್ತೇನೆ. ಎಡಗಡೆಯದು ಇಂಕಲ್ಲಿ, ಬಲಗಡೆಯದು ನೀಲಿ ಪೆನ್ಸಿಲಲ್ಲಿ.

ನೀಲಿ ಪೆನ್ಸಿಲ್ ಕಾಮಿಕ್ಸ್ ಬರೆಯುವವರ ಹಳೇ ಸಂಗಾತಿ. ಪುಟಗಳ ಫೋಟೊ ತೆಗೆದು ಅಚ್ಚಿಗೆ ಕೊಡುತ್ತಿದ್ದ ಕಾಲದಲ್ಲಿ ಆ ಫಿಲ್ಮಿಗೆ ತಿಳಿನೀಲಿಯೂ ಒಂದೇ, ಖಾಲಿ ಕಾಗದವೂ ಒಂದೇ. ನೀಲಿಯಲ್ಲಿ ಕಚ್ಚಾ ಗೆರೆ ಹಾಕಿ ಮೇಲೆ ಕಪ್ಪು ಇಂಕು ಎಳೆದರೆ ರಬ್ಬರ್ ಹಿಡಿದು ಉಜ್ಜುತ್ತಾ ಕೂರುವ ಕೆಲಸ ಇರಲಿಲ್ಲ. ಈಗಿನ ಸ್ಕ್ಯಾನರ್ ಎಲ್ಲವನ್ನೂ ನೋಡುತ್ತದೆ, ಆದರೆ ಕಂಪ್ಯೂಟರಿನಲ್ಲಿ ನೀಲಿಯೊಂದನ್ನೇ ಆರಿಸಿ ತೆಗೆಯುವುದು ಸುಲಭ. ಅದಕ್ಕೇ ನಾನು ಬಿಟ್ಟಿಲ್ಲ. ಬಲಪುಟಕ್ಕೆ ಇದೇ ಸರಿ, ಯಾಕೆಂದರೆ ಅಲ್ಲಿ ಬರೆದದ್ದು ನಿಲ್ಲುವುದೇ ಇಲ್ಲ.

ನಿಬ್ಬಿನ ವಿಷಯವನ್ನೇ ತಗೊಳ್ಳಿ. ಗಾಜಿನ ಪರದೆ ಮೇಲೆ ಚಿತ್ರ ಬರೆಯುವ ಟ್ಯಾಬ್ಲೆಟ್ ಕೊಂಡ ವಾರ ‘ನಿಬ್ ಅದ್ದಿದ್ದು ಇದೇ ಕೊನೆ’ ಅಂತ ಬರೆದೆ. ಸ್ವಲ್ಪ ಸಮಾಧಾನವೇ ಆಗಿತ್ತು. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲಿ ಅಂತ ತೆಳ್ಳಗೆ ಎಣ್ಣೆ ಸವರಿರುತ್ತಾರೆ. ಅದನ್ನು ತೆಗೆಯದೆ ಅದ್ದಿದರೆ ಇಂಕು ಹಿಡಿಯದೆ ಹನಿಯಾಗಿ ಜಾರಿಬಿಡುತ್ತದೆ. ಕೆಲವರು ಬೆಂಕಿಕಡ್ಡಿ ಗೀರಿ ತುದಿ ಕಾಯಿಸುತ್ತಾರೆ, ನಾನು ನಾಲಿಗೆಗೆ ಒತ್ತಿ ಬಟ್ಟೆಯಲ್ಲಿ ಒರೆಸುವ ಪೈಕಿ. ಇನ್ನು ಇಂಡಿಯನ್ ಇಂಕಿನಲ್ಲಿ ಅರಗು ಇರುತ್ತದೆ, ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಪುಟಕ್ಕೆ ಅದು ಒಳ್ಳೆಯದು, ನಿಬ್ಬಿಗೂ ಬ್ರಷ್ಷಿಗೂ ಶನಿ. ಫೋನ್ ಬಂತು ಅಂತ ಎದ್ದುಹೋಗಿ ಬರುವಷ್ಟರಲ್ಲಿ ತುದಿ ಕಟ್ಟಿಕೊಂಡಿರುತ್ತದೆ. ಈ ಎಲ್ಲ ಕಿರಿಕಿರಿಯಿಂದ ಬಿಡುಗಡೆ ಅಂದುಕೊಂಡಿದ್ದೆ.

ಆಮೇಲೆ ಒಂದು ಕತೆಯಲ್ಲಿ ಮಳೆ ಬಂತು. ಪುಟಗಟ್ಟಲೆ ಮಳೆ. ಗಾಜಿನ ಮೇಲೆ ಎಳೆದ ಗೆರೆಗಳೆಲ್ಲ ಒಂದೇ ಥರ ನುಣ್ಣಗೆ, ನೀರಿನ ಜೀವವೇ ಇಲ್ಲ. ಬೇಸತ್ತು ಡ್ರಾಯರಿನಿಂದ ನಿಬ್ ತೆಗೆದೆ. ಒತ್ತಿ ಎಳೆದಾಗ ಎರಡು ಕಾಲು ಅಗಲಿಸಿ ದಪ್ಪಗಾಗಿ, ಕೈ ಎತ್ತುವಾಗ ಕೂದಲಷ್ಟು ಸಣ್ಣಗಾಗುವ ಆ ಗೆರೆ! ಅರ್ಧ ಪುಟ ಆಗಿರಬೇಕು, ಒಂದು ಗೆರೆ ಜಾರಿತು. ತಕ್ಷಣ ನನ್ನ ಎಡಗೈಯ ಎರಡು ಬೆರಳು ತಮ್ಮಷ್ಟಕ್ಕೆ ತಾವೇ ಕಾಗದವನ್ನು ಟಪ್ ಅಂತ ತಟ್ಟಿದವು. ಟ್ಯಾಬ್ಲೆಟ್ಟಿನಲ್ಲಿ ಹಾಗೆ ತಟ್ಟಿದರೆ ‘ಅನ್‌ಡೂ’, ಎಳೆದ ಗೆರೆ ಮಾಯ. ಇಲ್ಲಿ ಗೆರೆ ಇದ್ದಲ್ಲೇ ಇತ್ತು, ಬೆರಳಿಗೆ ಇಂಕು ಬಂದಿತ್ತು, ಮಳೆಯೊಳಗೆ ಎರಡು ಬೆರಳಚ್ಚು ಮೂಡಿತ್ತು. ಎಡಪುಟದಲ್ಲಿ ಬರೆದೆ: ‘ಮೊದಲ ಸಲ ಕಾಗದಕ್ಕೆ ಅನ್‌ಡೂ ಕೊಟ್ಟಿದ್ದು.’ ಬಲಪುಟದ ನಿಬ್ಬಿನ ಸಾಲಿಗೆ ಅಡ್ಡಗೆರೆ ಬಿತ್ತು.

ಕೊನೆಯದರ ಮಾತು ಬಂದಾಗ ನಮ್ಮವರೆಲ್ಲ ಚಾರ್ಲ್ಸ್ ಶುಲ್ಜ್ ಹೆಸರು ಎತ್ತುತ್ತಾರೆ. 1950ರ ಅಕ್ಟೋಬರ್ 2ರಿಂದ ಸುಮಾರು ಐವತ್ತು ವರ್ಷ ಪತ್ರಿಕೆಗಳಿಗೆ ‘ಪೀನಟ್ಸ್’ ಅನ್ನುವ ಕಾಮಿಕ್ ಸ್ಟ್ರಿಪ್ ಬರೆದ ಅಮೆರಿಕದವರು. ಅವರು ತೀರಿಕೊಂಡ ಮರುದಿನ, 2000ದ ಫೆಬ್ರವರಿ 13ರಂದು, ಕೊನೆಯ ಸ್ಟ್ರಿಪ್ ಪತ್ರಿಕೆಗಳಲ್ಲಿ ಬಂತು. ಇದನ್ನು ಎಲ್ಲರೂ ಗಂಟಲು ಕಟ್ಟಿಕೊಂಡು ಹೇಳುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು ಸಂಗತಿ: ಅವರು ಬಳಸುತ್ತಿದ್ದ ನಿಬ್ ಮಾಡುವ ಕಂಪನಿ ಮುಚ್ಚುತ್ತದೆ ಅಂತ ಗೊತ್ತಾದಾಗ, ಉಳಿದಿದ್ದ ಆ ನಿಬ್ಬುಗಳನ್ನೆಲ್ಲ ಕೊಂಡು ಇಟ್ಟುಕೊಂಡರಂತೆ. ಕೊನೆಯ ನಿಬ್ ಅನ್ನುವುದು ತನ್ನ ಜೀವಮಾನದಲ್ಲಿ ಬರಲೇಬಾರದು ಅನ್ನುವ ಹಟ. ಕಸುಬಿನವರ ಬುದ್ಧಿ ಅಂದರೆ ಇದು.

ಒಂದು ಸಾಲಿಗೆ ಮಾತ್ರ ಅಡ್ಡಗೆರೆ ಹಾಕುವ ಪ್ರಸಂಗ ಬಂದಿಲ್ಲ: ‘ಬಲೂನಿನೊಳಗೆ ಕೈಯಲ್ಲಿ ಅಕ್ಷರ ಬರೆದದ್ದು.’ ಬಲೂನು ಅಂದರೆ ಪಾತ್ರದ ಮಾತು ತುಂಬುವ ಗುಳ್ಳೆ. ಇಂಗ್ಲಿಷಿನವರಿಗೆ ಎಲ್ಲ ಕ್ಯಾಪಿಟಲ್, ಮೇಲೊಂದು ಗೆರೆ, ಕೆಳಗೊಂದು ಗೆರೆ, ಮುಗೀತು. ಕನ್ನಡಕ್ಕೆ ಹಾಗಲ್ಲ. ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ಸ್ತ್ರೀ’, ‘ರಾಷ್ಟ್ರ’ ಅಂಥವು ಬಂದರೆ ಇನ್ನೊಂದು ಅಂತಸ್ತು. ಸಾಲುಗಳ ನಡುವೆ ಜಾಗ ಬಿಟ್ಟರೆ ಬಲೂನು ಉಬ್ಬಿ ಪಾತ್ರದ ಮುಖ ಮುಚ್ಚುತ್ತದೆ, ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತದೆ. ಕೈಯಲ್ಲಿ ಬರೆಯುವಾಗ ಅದಕ್ಕೊಂದು ಉಪಾಯ ಇತ್ತು. ಮೇಲೆ ‘ಕ್ಕ’ ಬಂದ ಕಡೆ ಕೆಳಗೆ ಗುಡಿಸು ಇಲ್ಲದ ಅಕ್ಷರ ಬೀಳುವ ಹಾಗೆ ಪದಗಳನ್ನು ಅತ್ತಿತ್ತ ಸರಿಸಿ, ಸಾಲು ಮುರಿಯುತ್ತಿದ್ದೆ. ಫಾಂಟಿಗೆ ಈ ದಾಕ್ಷಿಣ್ಯ ಗೊತ್ತಿಲ್ಲ. ಆದರೆ ಕೊನೇ ಗಳಿಗೆಯಲ್ಲಿ ಸಂಭಾಷಣೆ ಬದಲಾದರೆ ಫಾಂಟು ನಿಮಿಷದಲ್ಲಿ ತಿದ್ದಿಕೊಡುತ್ತದೆ, ಸಂಪಾದಕರಿಗೆ ಅದು ಬೇಕು. ನ್ಯಾಯವೇ. ‘ಧಡಾರ್’, ‘ಢಮಾರ್’ಗಳನ್ನು ಮಾತ್ರ ಇವತ್ತಿಗೂ ನಾನೇ ಬರೆಯುತ್ತೇನೆ, ಅವನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಕನ್ನಡಕದ್ದು ಎಡಪುಟ. ನಾವು ಬರೆಯುವ ಬೋರ್ಡು ಸಾಮಾನ್ಯವಾಗಿ 11 ಇಂಚು ಅಗಲ, 17 ಇಂಚು ಉದ್ದ. ಅಚ್ಚಿಗೆ ಹೋಗುವಾಗ ಚಿತ್ರ ಸುಮಾರು ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ, ಆ ಕುಗ್ಗುವಿಕೆಯಲ್ಲಿ ಕೈನಡುಕವೆಲ್ಲ ಮುಚ್ಚಿಹೋಗುತ್ತದೆ. ಮೊದಲ ಸಲ ಕನ್ನಡಕ ಹಾಕಿಕೊಂಡು ಹಿಂದಿನ ತಿಂಗಳ ಮೂಲಪುಟ ನೋಡಿದಾಗ ನಾಯಕಿಯ ಕೂದಲಿನ ಒಂದೊಂದು ಎಳೆಯೂ ಕಂಡಿತು. ಕನ್ನಡಕ ತೆಗೆದಿಟ್ಟು ಚೆನ್ನಾಗೇ ಇದೆ ಅಂದುಕೊಂಡೆ.

ಮಗಳದ್ದು ಎರಡೂ ಪುಟದಲ್ಲಿದೆ. ಹಾರುವ ಭಂಗಿ, ಬೀಳುವ ಭಂಗಿ, ಹಗ್ಗ ಹಿಡಿದು ಜೋತಾಡುವ ಭಂಗಿ, ಎಲ್ಲಕ್ಕೂ ಅವಳೇ ನನ್ನ ಮಾಡೆಲ್. ಸ್ಟೂಲಿನ ಮೇಲೆ ಹೊಟ್ಟೆ ಊರಿ ಕೈಕಾಲು ಚಾಚಿ, ‘ಅಮ್ಮಾ, ಬೇಗ, ಉಸಿರು ಕಟ್ತಿದೆ’ ಅಂತ ಕೂಗುತ್ತಿದ್ದಳು. ಹಾಗೆ ಕೊನೆಯ ಸಲ ಮಲಗಿದ್ದು ಯಾವಾಗಲೋ, ಆ ಸ್ಕೆಚ್ಚಿಗೆ ತಾರೀಖು ಇಲ್ಲ. ಆಮೇಲೆ ಕೇಳಿದಾಗೆಲ್ಲ ‘ಕನ್ನಡಿ ಇದೆಯಲ್ಲ, ನೀನೇ ಮಾಡ್ಕೋ’ ಅನ್ನುತ್ತಿದ್ದಳು. ಹೋದ ತಿಂಗಳು ಒಪ್ಪಿಕೊಂಡಳು, ಆದರೆ ಸಂಭಾವನೆ ಕೇಳಿ, ಮುಂಗಡ ಇಸಕೊಂಡು. ಅದು ‘ಮೊದಲ ಸಲ’. ಬರೀ ಕೈಗಳಿಗೆ, ಮುಖಕ್ಕೆ ಬೇರೆ ರೇಟು.

ಇವತ್ತು ಹೊಸ ಸ್ಕ್ರಿಪ್ಟ್ ಬಂದಿದೆ. ಮೂರನೇ ಪುಟ, ಮೊದಲ ಪ್ಯಾನೆಲ್: ‘ಸಾವಿರ ಸೈನಿಕರು, ಎಲ್ಲರೂ ಕುದುರೆ ಮೇಲೆ.’ ಕತೆಗಾರರಿಗೆ ಅದು ಒಂದು ಸಾಲು. ಕುದುರೆ ಬರೆಯುವವರಿಗಷ್ಟೇ ಗೊತ್ತು, ಅದರ ಹಿಂಗಾಲು ಎಲ್ಲಿ ಯಾವ ಕಡೆಗೆ ಮಡಚುತ್ತದೆ ಅನ್ನುವ ಸಂಕಟ. ಮುಂದಿನ ಸಾಲಿನ ಮೂರು ಕುದುರೆಗಳನ್ನು ಸರಿಯಾಗಿ ಬರೆದು, ಹಿಂದೆ ಧೂಳೆಬ್ಬಿಸಬೇಕೆಂದಿದ್ದೇನೆ. ಒಳ್ಳೆ ದಟ್ಟ ಧೂಳು. ಅದರಲ್ಲಿ ಯಾರ ಕಾಲೂ ಕಾಣುವುದಿಲ್ಲ.