ಕಾಫಿ ಗೋಡೌನಿನಲ್ಲಿ ನಮ್ಮ ಆಲ್ಬಂ: ಡ್ರಮ್ಸ್ ಮುಗಿಯಿತು, ಹಾಡುವುದು ಬಾಕಿ

ಎಂಟು ಹಾಡುಗಳಿಗೂ ಡ್ರಮ್ಸ್ ರೆಕಾರ್ಡಿಂಗ್ ಮುಗಿದಿದೆ. ಬೇಸ್, ಗಿಟಾರ್ ಕೂಡ ಆಗಿವೆ. ಹಾಡುವ ಕೆಲಸ ಅರ್ಧ ಆಗಿದೆ. ಕನ್ನಡದಲ್ಲಿ ಪೂರ್ತಿ ಒಂದು ಆಲ್ಟರ್ನೇಟಿವ್ ರಾಕ್ ಆಲ್ಬಂ ಮಾಡಬೇಕು ಅನ್ನುವುದು ನಮ್ಮ ಬ್ಯಾಂಡಿನ ಹಳೆಯ ಆಸೆ. ಬೆಂಗಳೂರಿಗೆ ಹೋಗಿ ಗಂಟೆ ಲೆಕ್ಕದಲ್ಲಿ ಸ್ಟುಡಿಯೋ ಹಿಡಿಯೋಣ ಎಂದು ಮೊದಲು ಮಾತಾಡಿದ್ದೆವು. ಬೇಡ ಅಂದವನು ನಾನೇ. ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ ನಮ್ಮ ದೊಡ್ಡಪ್ಪನ ತೋಟದಲ್ಲಿ ಎತ್ತರದ ಮಾಡಿನ ಕಾಫಿ ಗೋಡೌನ್ ಇದೆ. ಕಲ್ಲಿನ ಗೋಡೆ, ಸಿಮೆಂಟ್ ನೆಲ. ಅಲ್ಲೇ ಮಾಡೋಣ ಎಂದೆ.

ಈ ಹಟಕ್ಕೆ ಕಾರಣ ಅಮೆರಿಕದ ರೆಕಾರ್ಡಿಂಗ್ ಎಂಜಿನಿಯರ್ ಸ್ಟೀವ್ ಆಲ್ಬಿನಿ. ಪಿಕ್ಸೀಸ್ ಬ್ಯಾಂಡಿನ ‘ಸರ್ಫರ್ ರೋಸಾ’ (1988), ನಿರ್ವಾಣ ಬ್ಯಾಂಡಿನ ‘ಇನ್ ಯುಟೆರೊ’ (1993) ಎರಡನ್ನೂ ರೆಕಾರ್ಡ್ ಮಾಡಿದವರು ಅವರು. ಎರಡರಲ್ಲೂ ಡ್ರಮ್ಸ್ ಜೊತೆಗೆ ಅದು ಇದ್ದ ಕೋಣೆಯೂ ಕೇಳಿಸುತ್ತದೆ. ‘ಸರ್ಫರ್ ರೋಸಾ’ಗೆ ಆ ಬ್ಯಾಂಡಿನ ಕಿಮ್ ಡೀಲ್ ಅವರ ದನಿಯನ್ನು ಕೆಲವು ಕಡೆ ಸ್ಟುಡಿಯೋದ ಬಾತ್‌ರೂಮಿನಲ್ಲೇ ಹಿಡಿದರಂತೆ. ಯಂತ್ರದಿಂದ ಬರುವ ಪ್ರತಿಧ್ವನಿ ಬೇಡ, ನಿಜವಾದದ್ದೇ ಬೇಕು ಅಂತ. ರೇಡಿಯೋಹೆಡ್ ಬ್ಯಾಂಡ್ ಕೂಡ ‘ಓಕೆ ಕಂಪ್ಯೂಟರ್’ (1997) ಆಲ್ಬಂನ ಹೆಚ್ಚಿನ ಭಾಗವನ್ನು ಇಂಗ್ಲೆಂಡಿನ ಬಾತ್ ಊರಿನ ಹತ್ತಿರ ಒಂದು ಹಳೇ ಬಂಗಲೆಯಲ್ಲಿ ಮಾಡಿತು. ಒಂದು ಹಾಡಿನ ದನಿಗೆ ಅಲ್ಲಿನ ಕಲ್ಲಿನ ಮೆಟ್ಟಿಲ ಹತ್ತಿರದ ಗುಂಗು ಸಿಕ್ಕಿದೆ. ಅವರಿಗೆ ಬಂಗಲೆ, ನಮಗೆ ಗೋಡೌನ್.

ಗೋಡೌನಿನ ದನಿ ವರ್ಷವಿಡೀ ಒಂದೇ ತರ ಇರುವುದಿಲ್ಲ. ಇದು ನನಗೆ ಸಿಕ್ಕ ದೊಡ್ಡ ಪಾಠ. ಜನವರಿಯಲ್ಲಿ ಕೊಯ್ಲು ಜೋರಾಗಿತ್ತು. 50 ಕೆಜಿಯ ಕಾಫಿ ಚೀಲಗಳನ್ನು ಗೋಡೆಯುದ್ದಕ್ಕೂ ಅಟ್ಟಿ ಹಾಕಿದ್ದರು. ಆಗ ಒಳಗೆ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಸತ್ತುಹೋಗುತ್ತಿತ್ತು. ಗೋಣಿಯ ನಾರು, ಬೀಜಗಳ ನಡುವಿನ ಸಂದು ಸೇರಿ ಮೇಲಿನ ಸ್ವರಗಳನ್ನೆಲ್ಲ ನುಂಗುತ್ತವೆ. ಡ್ರಮ್ಸ್ ಸೆಟ್ಟಿನಲ್ಲಿ ಚಟ್ ಎಂದು ಸಿಡಿಯುವ ಸ್ನೇರ್ ಮಂಕಾಗಿ ಕೇಳುತ್ತಿತ್ತು. ಮಾರ್ಚ್ ಹೊತ್ತಿಗೆ ಲಾರಿ ಬಂದು ಚೀಲಗಳನ್ನು ಕಾಫಿ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಒಯ್ದಿತು. ಅದೇ ಚಪ್ಪಾಳೆ ಈಗ ಗೋಡೆಯಿಂದ ಗೋಡೆಗೆ ಓಡಾಡತೊಡಗಿತು. ಖುಷಿಯಾಯಿತು. ಆದರೆ ಸಿಂಬಲ್, ಅಂದರೆ ಲೋಹದ ತಟ್ಟೆ, ಹೊಡೆದರೆ ಕಿವಿಗೆ ಚುಚ್ಚುವಷ್ಟು ಜಾಸ್ತಿ.

ತೋಟದ ಲೆಕ್ಕ ನೋಡುವ ರೈಟರ್ ಹತ್ತಿರ ಕೇಳಿ ಖಾಲಿ ಗೋಣಿಚೀಲಗಳನ್ನು ತರಿಸಿದೆವು. ಡ್ರಮ್ಸ್ ಹಿಂದಿನ ಗೋಡೆಗೆ ಮಾತ್ರ ಎರಡು ಪದರ ತೂಗುಹಾಕಿದೆವು. ಎದುರಿನ ಗೋಡೆ ಬರಿದಾಗಿಯೇ ಇರಲಿ ಎಂದು ಬಿಟ್ಟೆವು. ಕಿಕ್‌ನ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ತಗ್ಗು ಸದ್ದಿಗೆ ಗೋಣಿ ಏನೂ ಮಾಡುವುದಿಲ್ಲ. 50 ಹರ್ಟ್ಸ್‌ನ ಅಲೆಯೊಂದು ಸುಮಾರು 7 ಮೀಟರ್ ಉದ್ದ ಇರುತ್ತದೆ. ತೆಳ್ಳಗಿನ ಗೋಣಿ ಅದನ್ನು ಹೇಗೆ ತಡೆದೀತು? ಹಾಗಾಗಿ ಸೆಟ್ಟನ್ನು ಮೂಲೆಯಿಂದ ದೂರ ಎಳೆದು, ಕಿಕ್ ಗುಮ್ಮೆನ್ನದೆ ಬಿಡಿಯಾಗಿ ಕೇಳುವ ಜಾಗ ಹುಡುಕಿದೆವು.

ಡ್ರಮ್ಸ್ ಮೇಲೆ ಹಿಡಿಯುವ ಎರಡು ಮೈಕ್‌ಗಳು ಸ್ನೇರ್‌ನಿಂದ ಒಂದೇ ದೂರದಲ್ಲಿರಬೇಕು. ಇಲ್ಲದಿದ್ದರೆ ಒಂದರ ಅಲೆ ಇನ್ನೊಂದನ್ನು ಕಡಿದು, ಸ್ನೇರ್ ತೆಳ್ಳಗಾಗುತ್ತದೆ. ಇದಕ್ಕೆ ದಾರ ಹಿಡಿದು ಅಳತೆ ಮಾಡಿದೆವು. ಗೋಡೌನಿನ ಗುಂಗು ಹಿಡಿಯುವ ಕೋಣೆಯ ಮೈಕ್ ಮಾತ್ರ 6 ಮೀಟರ್ ದೂರ, ಬರಿ ಗೋಡೆಯ ಕಡೆಗೆ. ಅಲ್ಲಿಗೆ ಸದ್ದು ತಲುಪುವುದು ಸುಮಾರು 18 ಮಿಲಿಸೆಕೆಂಡ್ ತಡವಾಗಿ. ಆ ತಡವೇ ಡ್ರಮ್ಸ್‌ಗೆ ಮೈ ತುಂಬುತ್ತದೆ. ಗಿಟಾರ್ ಗೆಳೆಯನಿಗೆ ಕಂಪ್ಯೂಟರಿನ ರೆಡಿಮೇಡ್ ಸ್ನೇರ್ ಸೇರಿಸುವ ಮನಸ್ಸಿತ್ತು. ನಾನು ಒಪ್ಪಲಿಲ್ಲ. ಈ ಮೈಕ್ ಒಂದನ್ನೇ ಹಾಕಿ ಕೇಳಿಸಿದ ಮೇಲೆ ಅವನೇ ಆ ಮಾತು ಬಿಟ್ಟ.

ಹಗಲು ಪಕ್ಕದ ತೋಟದಲ್ಲಿ ಕಾಫಿ ಹೂವಿಗೆ ನೀರು ಹೊಡೆಯುವ ಡೀಸೆಲ್ ಪಂಪಿನ ಸದ್ದು. ರಾತ್ರಿ ಜೀರುಂಡೆ. ಪಂಪು ನಿಂತು ಜೀರುಂಡೆ ಶುರುವಾಗುವ ನಡುವಿನ ಹೊತ್ತೇ ನಮ್ಮದು. ಬೇಸ್ ಗಿಟಾರನ್ನು ಮೈಕ್ ಇಲ್ಲದೆ ನೇರವಾಗಿ ತಂತಿಯಲ್ಲೇ ತೆಗೆದುಕೊಂಡೆವು, ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಈಗ ಮಳೆಗಾಲ. ಹೆಂಚಿನ ಮೇಲೆ ಮಳೆ ಬೀಳುವಾಗ ಗೋಡೌನಿನಲ್ಲಿ ಮೈಕ್ ತೆರೆಯುವ ಹಾಗೇ ಇಲ್ಲ. ಹಾಡುವುದನ್ನು ಚಿಕ್ಕಮಗಳೂರಿನ ಮನೆಯ ಒಳಕೋಣೆಗೆ ತಂದಿದ್ದೇವೆ. ಸುತ್ತ ಕಂಬಳಿ, ಕರೆಂಟ್ ಹೋದರೆ ಯುಪಿಎಸ್. ಇಲ್ಲಿ ಕಷ್ಟ ಬೇರೆ ತರದ್ದು. ರಾಕ್‌ನಲ್ಲಿ ಸಾಲಿನ ಕೊನೆಯನ್ನು ಎಳೆದು ಕೂಗುವುದು ರೂಢಿ. ಕನ್ನಡದಲ್ಲಿ ಹ್ರಸ್ವವನ್ನು ಹಾಗೆ ಎಳೆದರೆ ಕೇಳುವವರಿಗೆ ಪರಭಾಷೆಯವರು ಹಾಡಿದಂತೆ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಸಾಹಿತ್ಯ ಬರೆಯುವ ಗೆಳತಿ ಸಾಲುಗಳನ್ನು ತಿರುಗಿಸಿ, ದೀರ್ಘ ಸ್ವರ ಬರುವ ಕಡೆಗೇ ಎಳೆತ ಬೀಳುವಂತೆ ಮಾಡುತ್ತಿದ್ದಾಳೆ. ಮೂರನೇ ಹಾಡು ಇದರಿಂದಲೇ ಎದ್ದು ನಿಂತಿತು. ನನಗೆ ಇಡೀ ಆಲ್ಬಂನಲ್ಲಿ ಅದೇ ಹೆಚ್ಚು ಇಷ್ಟ.

ಮುಂದಿನದು ಮಿಕ್ಸಿಂಗ್, ಅಂದರೆ ಬಿಡಿ ಬಿಡಿ ಸದ್ದುಗಳನ್ನು ಹದವಾಗಿ ಬೆರೆಸುವುದು. ಸ್ಪಾಟಿಫೈ ಹಾಡುಗಳ ಜೋರನ್ನು ಸುಮಾರು ಮೈನಸ್ 14 ಲಫ್ಸ್ (ಜೋರನ್ನು ಅಳೆಯುವ ಮಾನ)‌ಗೆ ತಂದು ಕೇಳಿಸುತ್ತದೆ. ನಾವು ಸದ್ದಿನ ಏರಿಳಿತವನ್ನು ಹಿಂಡಿ ಹಿಂಡಿ ಜೋರು ಮಾಡಿದರೂ ಅಲ್ಲಿ ಮತ್ತೆ ಇಳಿಸುತ್ತಾರೆ. ಹಾಗಿರುವಾಗ ಗೋಡೌನಿನ ಆ ಗಾಳಿಯನ್ನು ಸುಮ್ನೆ ಯಾಕೆ ಹಿಂಡಿ ಹಾಕಬೇಕು? ಆಗಸ್ಟ್‌ನಲ್ಲಿ ಡ್ರಮ್ಸ್ ಹುಡುಗ ರಜೆ ಹಾಕಿ ಬರುತ್ತಾನೆ. ಅವನು ಪಕ್ಕದಲ್ಲಿ ಕೂತಿದ್ದಾಗಲೇ ಮೊದಲ ಹಾಡನ್ನು ಮಿಕ್ಸ್ ಮಾಡುತ್ತೇವೆ.