ಬಸ್ಸಾರಿನ ಕಟ್ಟು ಮತ್ತು ನನ್ನ ಕರುಳು

ಅವರೆಕಾಯಿಯ ಕಾಲದಲ್ಲಿ ನಮ್ಮ ಮನೆಯಲ್ಲಿ ದಿನ ಬಿಟ್ಟು ದಿನ ಹಿತಕಿದ ಬೇಳೆಯ ಸಾರು ಇರುತ್ತಿತ್ತು. ವರ್ಷದಲ್ಲಿ ನನ್ನ ಹೊಟ್ಟೆ ಅತ್ಯಂತ ಕೆಡುತ್ತಿದ್ದುದೂ ಆ ಡಿಸೆಂಬರ್, ಜನವರಿ ತಿಂಗಳುಗಳಲ್ಲಿಯೇ. ಇವೆರಡರ ನಂಟು ನನಗೆ ಹೊಳೆಯಲು ಹಲವು ವರ್ಷಗಳು ಬೇಕಾದವು, ಏಕೆಂದರೆ ಉಳಿದ ತಿಂಗಳುಗಳಲ್ಲಿಯೂ ಹೊಟ್ಟೆ ಸರಿಯಿರುತ್ತಿರಲಿಲ್ಲ. ಉಬ್ಬರ, ಕಿಬ್ಬೊಟ್ಟೆಯ ನುಲಿತ, ಕೆಲವು ದಿನ ಮಲಬದ್ಧತೆ, ಅದರ ಬೆನ್ನಿಗೇ ಭೇದಿ. ಇವೆಲ್ಲವನ್ನೂ ನಾವು ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರಿನಿಂದ ಕರೆದು ಸುಮ್ಮನಾಗುತ್ತಿದ್ದೆವು. ಅದು ಐಬಿಎಸ್, ಅಂದರೆ ಕರುಳು ಅತಿಯಾಗಿ ಕೆರಳುವ ತೊಂದರೆ ಎಂದು ತಿಳಿದದ್ದು ರಕ್ತಪರೀಕ್ಷೆಗಳಲ್ಲಿ ಬೇರೇನೂ ಕಾಣದಿದ್ದಾಗ.

ಆಹಾರದ ವಿಷಯಕ್ಕೆ ಬರುವ ಮೊದಲು ಒಂದು ಮಾತನ್ನು ಹೇಳಲೇಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಆರಂಭವಾದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರ ಬಳಿಗೆ ಹೋಗಬೇಕು. ಗೋಧಿ ಬಿಡುವ ಆಲೋಚನೆ ಇರುವವರು ಸೀಲಿಯಾಕ್ ರೋಗದ, ಅಂದರೆ ಗೋಧಿಯಲ್ಲಿರುವ ಗ್ಲುಟನ್‌ನಿಂದ ಸಣ್ಣ ಕರುಳಿಗೆ ಹಾನಿಯಾಗುವ ರೋಗದ ಪರೀಕ್ಷೆಯನ್ನು ಅದಕ್ಕೆ ಮುಂಚೆಯೇ ಮಾಡಿಸಿಕೊಳ್ಳಬೇಕು. ಗೋಧಿ ಬಿಟ್ಟ ಮೇಲೆ ಮಾಡಿಸಿದರೆ ರೋಗವಿದ್ದರೂ ಅದು ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು.

ನನಗೆ ಸೂಚಿಸಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳೆಸಿದ, ಫಾಡ್‌ಮ್ಯಾಪ್‌ಗಳನ್ನು ಕಡಿಮೆ ಮಾಡುವ ಪಥ್ಯ. ಸಣ್ಣ ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ಉಳಿಯುವ ಕೆಲವು ಬಗೆಯ ಸಕ್ಕರೆಗಳನ್ನು ಒಟ್ಟಾಗಿ ಹೀಗೆ ಕರೆಯುತ್ತಾರೆ. ಅವು ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತವೆ. ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಅನಿಲವನ್ನು ಹೊರಬಿಡುತ್ತವೆ. ಇದು ಎಲ್ಲರ ಹೊಟ್ಟೆಯಲ್ಲಿಯೂ ನಡೆಯುವ ಕ್ರಿಯೆ. ಆದರೆ ಬೇರೆಯವರಿಗೆ ಗೊತ್ತೇ ಆಗದಷ್ಟು ಹಿಗ್ಗುವಿಕೆಯೂ ನಮ್ಮಂಥವರ ಕರುಳಿಗೆ ನೋವಾಗಿಯೇ ತಾಗುತ್ತದೆ.

ಕೈಗೆ ಕೊಟ್ಟ ಪಟ್ಟಿಯಲ್ಲಿ ನಮ್ಮ ಅಡುಗೆಮನೆ ಕಾಣದ ತರಕಾರಿಗಳೇ ಹೆಚ್ಚಾಗಿದ್ದವು. ಅದನ್ನು ನಮ್ಮ ಊಟಕ್ಕೆ ಹೊಂದಿಸಿಕೊಳ್ಳುವ ಕೆಲಸದಲ್ಲಿ ಅಮ್ಮ ಜೊತೆಯಾದರು. ಈ ಸಕ್ಕರೆಗಳಲ್ಲಿ ಹಲವು ಬಗೆಗಳಿವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿ ಫ್ರಕ್ಟಾನ್ ಇದೆ. ತೊಗರಿ, ಕಡಲೆ, ಅಲಸಂದೆ, ಅವರೆಗಳಲ್ಲಿ ಗ್ಯಾಲಕ್ಟೊ ಆಲಿಗೊಸ್ಯಾಕರೈಡ್ ಇದೆ. ಹಾಲಿನಲ್ಲಿ ಲ್ಯಾಕ್ಟೋಸ್, ಮಾವಿನಹಣ್ಣು ಮತ್ತು ಜೇನುತುಪ್ಪದಲ್ಲಿ ಹೆಚ್ಚುವರಿ ಫ್ರಕ್ಟೋಸ್, ಹೂಕೋಸು ಅಣಬೆಗಳಲ್ಲಿ ಮ್ಯಾನಿಟಾಲ್. ಅನ್ನ, ಆಲೂಗಡ್ಡೆ, ಕ್ಯಾರೆಟ್, ಸೌತೆಕಾಯಿ, ಮೊಟ್ಟೆಗಳಿಗೆ ಅಡ್ಡಿಯಿರಲಿಲ್ಲ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದ್ದರಿಂದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಹುರಿದು, ಎಸಳುಗಳನ್ನು ತೆಗೆದುಹಾಕಿ, ಅದೇ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಪರಿಮಳ ಉಳಿಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಹಾಕದ ಅಡುಗೆಯ ಪದ್ಧತಿ ನಮ್ಮ ಎಷ್ಟೋ ಮನೆಗಳಲ್ಲಿ ಹಬ್ಬ, ವ್ರತಗಳ ದಿನ ಇದ್ದೇ ಇರುವುದರಿಂದ ಅಮ್ಮನಿಗೆ ಇದು ಕಷ್ಟವೆನಿಸಲಿಲ್ಲ.

ನನಗೆ ಅತ್ಯಂತ ಉಪಯುಕ್ತವಾದ ಪಾಠ ಸಿಕ್ಕಿದ್ದು ಬಸ್ಸಾರಿನಿಂದ. ಕಾಳು, ಸೊಪ್ಪು ಬೇಯಿಸಿ, ನೀರು ಬಸಿದು, ಆ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತೇವೆ. ಬೆಂದ ಕಾಳು, ಸೊಪ್ಪು ಪಲ್ಯವಾಗುತ್ತದೆ. ಕಾಳಿನ ಈ ಸಕ್ಕರೆಗಳೂ ನೀರಿನಲ್ಲಿ ಕರಗುವಂಥವು, ಹಾಗಾಗಿ ಬೇಯುವಾಗ ಅವುಗಳ ಒಂದು ಪಾಲು ಕಟ್ಟಿಗೆ ಇಳಿಯುತ್ತದೆ. ಹೊಟ್ಟೆಗೆ ಹಗುರವೆಂದು ಪಲ್ಯ ಬಿಟ್ಟು ಎರಡೆರಡು ಬಟ್ಟಲು ಸಾರು ಕುಡಿಯುತ್ತಿದ್ದ ನಾನು ಸರಿಯಾಗಿ ತಿರುಗುಮುರುಗು ಮಾಡುತ್ತಿದ್ದೆ. ಈಗ ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ, ಪಲ್ಯವನ್ನು ಮಿತವಾಗಿ ಬಡಿಸಿಕೊಳ್ಳುತ್ತೇನೆ; ಕಟ್ಟಿನ ಸಾರು ಮನೆಯ ಉಳಿದವರಿಗೆ.

ನಾರಿನ ವಿಷಯದಲ್ಲಿಯೂ ತಪ್ಪಿದ್ದೆ. ಮಲಬದ್ಧತೆಗೆಂದು ಗೋಧಿಬೂಸ ತಿಂದಾಗ ಉಬ್ಬರ ಹೆಚ್ಚಾಯಿತು. ನೀರಿನಲ್ಲಿ ಲೋಳೆಯಾಗುವ ಇಸಬ್‌ಗೋಲ್ ಹೊಂದಿಕೊಂಡಿತು. ಅರ್ಧ ಚಮಚದಿಂದ ಆರಂಭಿಸಿ, ಪ್ರತಿ ಬಾರಿಯೂ ಸಾಕಷ್ಟು ನೀರಿನೊಡನೆ ನಿಧಾನವಾಗಿ ಹೆಚ್ಚಿಸಿಕೊಂಡೆ.

ಈ ಪಥ್ಯದ ಮೊದಲ ಹಂತ ಎರಡರಿಂದ ಆರು ವಾರಗಳದ್ದು ಮಾತ್ರ. ಎಲ್ಲರಿಗೂ ಇದು ಫಲಿಸುವುದಿಲ್ಲ, ಆರು ವಾರಗಳಲ್ಲಿ ಏನೂ ಬದಲಾಗದಿದ್ದರೆ ನಿಲ್ಲಿಸಬೇಕು. ನನಗೆ ಮೂರನೆಯ ವಾರಕ್ಕೇ ನೋವು ಇಳಿಯಿತು, ಅಲ್ಲಿಯೇ ನಾನು ದೊಡ್ಡ ತಪ್ಪು ಮಾಡಿದೆ. ನೋವು ಮರಳೀತೆಂಬ ಭಯದಿಂದ ಎಂಟು ತಿಂಗಳು ಬರೀ ಅನ್ನ, ಗಂಜಿ, ಎರಡು ಮೂರು ತರಕಾರಿಗಳಲ್ಲಿ ಬದುಕಿದೆ. ತೂಕ ಇಳಿಯಿತು, ಮದುವೆಮನೆಗಳಿಗೆ ಹೋಗುವುದನ್ನೇ ನಿಲ್ಲಿಸಿದೆ. ಕರುಳಿಗೆ ಒಳ್ಳೆಯದನ್ನು ಮಾಡುವ ಬಿಫಿಡೊ ಬ್ಯಾಕ್ಟೀರಿಯಾಗಳಿಗೂ ಇವೇ ಸಕ್ಕರೆಗಳು ಆಹಾರವೆಂಬುದು ಆಗ ನನಗೆ ತಿಳಿದಿರಲಿಲ್ಲ. ಬಿಟ್ಟದ್ದನ್ನು ಮರಳಿ ತಂದು ಪರೀಕ್ಷಿಸುವ ಎರಡನೆಯ ಹಂತವೇ ಈ ಪಥ್ಯದ ತಿರುಳೆಂದು ನನ್ನ ಆಹಾರತಜ್ಞೆ ತಾಳ್ಮೆಯಿಂದ ಬಿಡಿಸಿ ಹೇಳಿದರು. ಒಂದು ಬಾರಿಗೆ ಒಂದೇ ಬಗೆಯ ಸಕ್ಕರೆ, ಮೂರು ದಿನ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ಹೋಗುವುದು, ನಡುವೆ ಕೆಲವು ದಿನ ಬಿಡುವು, ಎಲ್ಲವೂ ಪುಸ್ತಕದಲ್ಲಿ ದಾಖಲು.

ಹಾಲು ನನಗೆ ಏನೂ ಮಾಡಲಿಲ್ಲ. ಎರಡು ಚಪಾತಿ ಸರಿ, ನಾಲ್ಕು ಬೇಡ. ಈರುಳ್ಳಿ ಅಲ್ಪ ಪ್ರಮಾಣದಲ್ಲಿಯೂ ಕಾಡಿತು. ಅವರೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಈ ಸಂಕ್ರಾಂತಿಗೆ ಅಮ್ಮ ನೆನೆಸಿ ಹಿತಕಿ, ಬೆಂದ ನೀರು ಬಸಿದು ಕೊಟ್ಟ ಬೇಳೆಯನ್ನು ಕಾಲು ಬಟ್ಟಲು ತಿಂದೆ, ಮರುದಿನ ಸಂಜೆಯವರೆಗೆ ಕಾದೆ, ನೋವು ಬರಲಿಲ್ಲ.