ಮೊದಲು ಚಾವಣಿ, ಆಮೇಲೆ ಮಂಚ

ಇವತ್ತು ವೆಲ್ಡಿಂಗ್ ಅಂಗಡಿಯಲ್ಲಿ ನಮ್ಮ ಟ್ರೇಲರ್ ಡಬ್ಬಿಯನ್ನು ಪ್ರವಾಸದ ಪುಟ್ಟ ಮನೆ ಮಾಡಲು ಅದರೊಳಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಇಲ್ಲಿ ಮಂಚ, ಅಲ್ಲಿ ಒಲೆ.

ಮಿಸ್ತ್ರಿ ಕಾಕಾ ಬಂದರು. "ಮೊದಲ ಮ್ಯಾಲಿನ ತಗಡು ಮುಟ್ಟಿ ನೋಡ್ರಿ."

ಮುಟ್ಟಿದೆ. ಕೈ ಚುರ್ ಅಂತು.

ಕಲಬುರಗಿ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲಿ. ಹಾಸಿಗೆ ಎಷ್ಟು ಮೆತ್ತಗಿದ್ದರೇನು, ತಂಪಿಲ್ಲದಿದ್ದರೆ ನಿದ್ದೆ ಎಲ್ಲಿ ಬರುತ್ತದೆ?

ತಗಡಿಗೂ ಪ್ಲೈವುಡ್ಡಿಗೂ ನಡುವೆ ದಪ್ಪ ಥರ್ಮಾಕೋಲ್, ಹೊರಗೆ ಬಿಳಿ ಬಣ್ಣ, ಬಿಸಿಗಾಳಿ ಹೊರಹಾಕಲು ಚಾವಣಿಯಲ್ಲಿ ಫ್ಯಾನ್. ಎದುರುಬದುರು ಕಿಟಕಿ ಬೇಕೇ ಬೇಕು. ನೆಲದ ಹತ್ತಿರ ಒಂದು ಕಿಂಡಿಯೂ ಇರಲಿ ಅಂದರು ಕಾಕಾ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ.

ಆರ್‌ಟಿಒ ಒಪ್ಪಿಗೆ ಸಿಕ್ಕ ಮೇಲೆ ಕಟರ್ ಹಚ್ಚೋದು. ಮೊದಲ ಸವಾರಿ ಅಮ್ಮನ ಜೊತೆ ಬೀದರ್ ಕೋಟೆಗೆ. ಯಾರು ಬರ್ತೀರಿ?